ಅಮೆರಿಕಕ್ಕೆ ವರದಿ ಮಾಡಲು ಹೊರಟಿದ್ದೀರಾ? ವೀಸಾದಿಂದ ಕಸ್ಟಮ್ಸ್‌ವರೆಗೆ ಒಂದೊಂದೇ ಹೆಜ್ಜೆ

ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಬಿ1/ಬಿ2 ವೀಸಾ (ಬಿ1 ವ್ಯವಹಾರದ ಭೇಟಿಗೆ, ಬಿ2 ಪ್ರವಾಸಕ್ಕೆ) ಇದೆ, ಟಿಕೆಟ್ ತೆಗೆದರೆ ಆಯ್ತು, ಒಂದು ವಾರ ಹೋಗಿ ವರದಿ ಮಾಡಿಕೊಂಡು ಬಂದುಬಿಡೋಣ ಅಂತ ನಮ್ಮಲ್ಲಿ ಬಹಳ ಪತ್ರಕರ್ತರು ಅಂದುಕೊಂಡಿರುತ್ತಾರೆ. ಆಗಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಸುದ್ದಿಯ ಕೆಲಸ ಮಾಡುವಂತಿಲ್ಲ. ಪತ್ರಕರ್ತರಿಗೆ ಅಂತಲೇ ಅಮೆರಿಕ ಬೇರೆ ವೀಸಾ ಇಟ್ಟಿದೆ, ಅದರ ಹೆಸರು ಐ ವೀಸಾ. ನೀವು ಎರಡೇ ದಿನ ಇದ್ದು ಬರುವುದಾದರೂ ಅಷ್ಟೇ, ಎರಡು ವರ್ಷ ಇರುವುದಾದರೂ ಅಷ್ಟೇ. ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗಬಲ್ಲ ಬ್ರಿಟನ್, ಜಪಾನ್, ಜರ್ಮನಿಯವರೂ ವರದಿ ಮಾಡಬೇಕು ಅಂದರೆ ಇದೇ ವೀಸಾ ತಗೋಬೇಕು.

ಬೆಂಗಳೂರಿನಿಂದ ಹೊರಡುವ ಕನ್ನಡದ ವರದಿಗಾರ, ಕ್ಯಾಮೆರಾಮನ್, ಫ್ರೀಲಾನ್ಸರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಡೀ ವ್ಯವಹಾರದಲ್ಲಿ ತೊಂದರೆ ಆಗುವುದು ಕಾಗದ ಕಡಿಮೆ ಇದ್ದದ್ದಕ್ಕಲ್ಲ. ಒಂದು ಕಾಗದ ಒಂದು ಹೇಳುತ್ತದೆ, ಇನ್ನೊಂದು ಇನ್ನೊಂದು ಹೇಳುತ್ತದೆ, ಬಾಯಿ ಮೂರನೆಯದು ಹೇಳುತ್ತದೆ, ತೊಂದರೆ ಅಲ್ಲಿ. ಸಂಪಾದಕರ ಪತ್ರ, ವೀಸಾ ಫಾರಂ, ಕ್ಯಾಮೆರಾ ಪಟ್ಟಿ, ಇಮಿಗ್ರೇಷನ್ ಕೌಂಟರಿನಲ್ಲಿ ನೀವು ಕೊಡುವ ಉತ್ತರ, ಈ ನಾಲ್ಕೂ ಒಂದೇ ಕತೆ ಹೇಳಬೇಕು.

ಮೊದಲು ನಿಮ್ಮ ಕೆಲಸ ಯಾವ ವೀಸಾದ್ದು ನೋಡಿ

ನೀವು ಯಾರು ಅನ್ನುವುದಕ್ಕಿಂತ ಅಲ್ಲಿ ಹೋಗಿ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಪತ್ರಕರ್ತರಾಗಿದ್ದೂ ಮಗಳ ಮನೆಗೆ ರಜೆಗೆ ಹೋಗುತ್ತಿದ್ದರೆ ಬಿ2 ಸಾಕು. ಸಮ್ಮೇಳನದಲ್ಲಿ ಸುಮ್ನೆ ಕೂತು ಕೇಳಿಸಿಕೊಂಡು ಬರುವುದಾದರೆ, ಅಥವಾ ಕ್ಯಾಮೆರಾ ಸಾಮಾನು ಕೊಳ್ಳಲು ಹೋಗುವುದಾದರೆ ಬಿ1 ನಡೆಯುತ್ತದೆ. ಆದರೆ ಅದೇ ಸಮ್ಮೇಳನದ ಬಗ್ಗೆ ಪತ್ರಿಕೆಗೆ ವರದಿ ಕಳಿಸುತ್ತೀರಿ ಅಂದರೆ ಐ ವೀಸಾ ಬೇಕು.

ಕನ್ನಡದವರಿಗೆ ಇದು ಎಲ್ಲಿ ತಾಗುತ್ತದೆ ಅಂದರೆ ಅಮೆರಿಕದ ಕನ್ನಡಿಗರು ನಡೆಸುವ ಅಕ್ಕ ಸಮ್ಮೇಳನ, ನಾವಿಕ ಸಮ್ಮೇಳನದಂಥ ಕಾರ್ಯಕ್ರಮಗಳಲ್ಲಿ. ಅಲ್ಲಿನ ಕನ್ನಡ ಕೂಟದವರು ಪ್ರೀತಿಯಿಂದ ಆಹ್ವಾನಪತ್ರ ಕಳಿಸುತ್ತಾರೆ, ಅದನ್ನು ಇಟ್ಟುಕೊಂಡು ನಮ್ಮವರು ಪ್ರವಾಸಿ ವೀಸಾಕ್ಕೆ ಹೋಗುತ್ತಾರೆ. ಅತಿಥಿಯಾಗಿ ಹೋಗಿ, ಊಟ ಮಾಡಿ, ಭಾಷಣ ಕೇಳಿ ಬರುವುದಕ್ಕೆ ತಕರಾರಿಲ್ಲ. ಚಾನೆಲ್ಲಿನ ಲೋಗೋ ಇರುವ ಮೈಕ್ ಹಿಡಿದು ಸಭಾಂಗಣದ ಬಾಗಿಲಲ್ಲಿ ಬೈಟ್ (ಕ್ಯಾಮೆರಾ ಮುಂದಿನ ಹೇಳಿಕೆ) ತೆಗೆದುಕೊಳ್ಳಲು ಶುರು ಮಾಡಿದ ಕ್ಷಣದಿಂದ ನೀವು ಅತಿಥಿ ಅಲ್ಲ, ಕೆಲಸದ ಮೇಲಿರುವ ಪತ್ರಕರ್ತರು. ಇನ್ನೊಂದು ವಿಷಯ, ಗೌರವಧನ. ಬಿ1 ವೀಸಾದವರು ಉಪನ್ಯಾಸಕ್ಕೆ ಗೌರವಧನ ತೆಗೆದುಕೊಳ್ಳಬಹುದು ಅಂತ ಕೇಳಿರುತ್ತೀರಿ. ಆ ವಿನಾಯಿತಿ ಇರುವುದು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ ಇಂಥವಕ್ಕೆ ಮಾತ್ರ. ಅದೂ ಒಂದು ಕಡೆ ಹೆಚ್ಚೆಂದರೆ 9 ದಿನ, ಆರು ತಿಂಗಳಲ್ಲಿ ಐದು ಸಂಸ್ಥೆ ಮೀರುವಂತಿಲ್ಲ. ಕನ್ನಡ ಕೂಟಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಸ್ಟಿಲ್ ಫೋಟೋಗ್ರಾಫರ್‌ಗಳಿಗೆ ಸ್ವಲ್ಪ ಸಡಿಲಿಕೆ ಇದೆ. ಅಮೆರಿಕದಲ್ಲಿ ಯಾರಿಂದಲೂ ದುಡ್ಡು ತೆಗೆದುಕೊಳ್ಳದೆ ಬರೀ ಫೋಟೋ ತೆಗೆದುಕೊಂಡು ಬರುವುದಕ್ಕೆ ಬಿ1ರಲ್ಲಿ ಅವಕಾಶ ಉಂಟು. ಆದರೆ ಪತ್ರಿಕೆಯೇ ಸುದ್ದಿಯ ಕೆಲಸಕ್ಕೆ ಕಳಿಸುತ್ತಿದೆ ಅಂದರೆ ಐ ವೀಸಾ ತೆಗೆದುಕೊಂಡೇ ಹೋಗಿ ಅಂತ ನಾನು ಹೇಳುತ್ತೇನೆ. ಕೌಂಟರಿನಲ್ಲಿ ನಿಂತು ನಿಯಮದ ವ್ಯಾಖ್ಯಾನ ಮಾಡುವ ಪೀಕಲಾಟ ಯಾಕೆ ಬೇಕು?

ಐ ವೀಸಾ ಕೂಡ ಎಲ್ಲ ಕ್ಯಾಮೆರಾ ಕೆಲಸಕ್ಕೂ ಅಲ್ಲ. ಸುದ್ದಿ ಮತ್ತು ಮಾಹಿತಿ ಕೊಡುವ ಕೆಲಸ ಇರಬೇಕು, ಸಾಕ್ಷ್ಯಚಿತ್ರ ಆಗಬಹುದು. ರಿಯಾಲಿಟಿ ಶೋ, ಸಿನಿಮಾ ಹಾಡು, ಜಾಹೀರಾತು ಶೂಟಿಂಗ್, ನಟಿಸಿ ತೋರಿಸುವ ಘಟನೆ, ಇದಕ್ಕೆಲ್ಲ ಬೇರೆ ವೀಸಾ. ತಂಡದಲ್ಲಿ ವರದಿಗಾರ, ಕ್ಯಾಮೆರಾದವರು ಇವರಿಗೆಲ್ಲ ಐ ಸಿಗುತ್ತದೆ, ಸೆಟ್ ಹಾಕುವವರಿಗೆ, ಪ್ರೂಫ್ ನೋಡುವವರಿಗೆ ಸಿಗುವುದಿಲ್ಲ. ಹೆಂಡತಿ ಅಥವಾ ಗಂಡ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳು ಜೊತೆಗೆ ಬರುವುದಾದರೆ ಅವರಿಗೂ ಐ ವೀಸಾನೇ ಕೊಡುತ್ತಾರೆ, ಆದರೆ ಅವರು ಅಲ್ಲಿ ದುಡಿಯುವ ಹಾಗಿಲ್ಲ.

ಸಂಪಾದಕರ ಪತ್ರ

ಎಲ್ಲದರ ಬೇರು ಈ ಪತ್ರ. ಇದನ್ನು ಚೆನ್ನಾಗಿ ಬರೆಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ನಮ್ಮ ಕಚೇರಿಗಳಲ್ಲಿ ಹೊರಡುವುದು ಎರಡು ಸಾಲಿನ ಪತ್ರ: ಇವರು ನಮ್ಮ ಹಿರಿಯ ವರದಿಗಾರರು, ಇವರಿಗೆ ಸಹಕಾರ ನೀಡಬೇಕಾಗಿ ವಿನಂತಿ. ಅದು ತಾಲ್ಲೂಕು ಕಚೇರಿಗೆ ನಡೆಯಬಹುದು, ಕಾನ್ಸುಲೇಟಿಗೆ ನಡೆಯಲ್ಲ.

ಪತ್ರ ಇಂಗ್ಲಿಷಿನಲ್ಲಿ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಇರಲಿ. ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಲಿ, ವರದಿಯ ಜೊತೆ ಅಚ್ಚಾಗುವ ಬೈಲೈನಿನ ಹೆಸರಲ್ಲ. ಎಷ್ಟು ವರ್ಷದಿಂದ ಯಾವ ಹುದ್ದೆಯಲ್ಲಿದ್ದೀರಿ, ಯಾವ ಘಟನೆಯ ವರದಿಗೆ ಯಾವ ಊರಿಗೆ ಹೋಗುತ್ತಿದ್ದೀರಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಖರ್ಚು ಯಾರದು, ಸಂಬಳ ಬೆಂಗಳೂರಿನಿಂದಲೇ ಬರುತ್ತದೆ, ಕೆಲಸ ಮುಗಿದ ಮೇಲೆ ವಾಪಸ್ ಬಂದು ಕಚೇರಿಗೆ ಹಾಜರಾಗುತ್ತಾರೆ. ಇಷ್ಟೂ ಬರಬೇಕು. ‘ಅಮೆರಿಕದ ವಿವಿಧ ಸ್ಥಳಗಳಲ್ಲಿ ವಿವಿಧ ವಿಷಯಗಳ ಬಗ್ಗೆ’ ಅಂತ ಬರೆದರೆ ಅಧಿಕಾರಿಗೆ ಏನೂ ತಿಳಿಯಲ್ಲ. ‘ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮಹಾಧಿವೇಶನದ ವರದಿಗೆ, 12 ದಿನ’ ಅಂದರೆ ಒಂದೇ ಸಾಲಿನಲ್ಲಿ ಎಲ್ಲ ತಿಳಿಯಿತು, ಅಲ್ವಾ.

ಫ್ರೀಲಾನ್ಸರ್‌ಗಳಿಗೆ ಕಷ್ಟ ಜಾಸ್ತಿ. ಐಡಿ ಕಾರ್ಡ್ ಒಂದೇ ಸಾಲದು, ಮಾಧ್ಯಮ ಸಂಸ್ಥೆಯ ಜೊತೆಗಿನ ಒಪ್ಪಂದ ತೋರಿಸಬೇಕು. ‘ಒಳ್ಳೆಯ ಲೇಖನ ಕಳಿಸಿ, ನೋಡೋಣ’ ಅಂತ ಸಂಪಾದಕರು ವಾಟ್ಸ್ಆ್ಯಪ್‌ನಲ್ಲಿ ಹೇಳಿದ್ದು ಒಪ್ಪಂದ ಅಲ್ಲ. ಯಾವ ಕೆಲಸ, ಎಷ್ಟು ಅವಧಿ, ಎಷ್ಟು ಸಂಭಾವನೆ ಅನ್ನುವುದಿರುವ, ಎರಡೂ ಕಡೆಯ ಸಹಿ ಬಿದ್ದ ಕಾಗದ ಬೇಕು. ಸ್ವಂತ ಯೂಟ್ಯೂಬ್ ಚಾನೆಲ್ ನಡೆಸುವವರು ತಮ್ಮದು ಸುದ್ದಿಯ ಕೆಲಸ, ಅದರ ಕಚೇರಿ ಭಾರತದಲ್ಲಿದೆ ಅನ್ನುವುದನ್ನು ತಾವೇ ತೋರಿಸಿಕೊಡಬೇಕು. ಸಂಸ್ಥೆಯ ನೋಂದಣಿ, ತೆರಿಗೆ ಕಾಗದ, ಹಿಂದೆ ಮಾಡಿದ ವರದಿಗಳ ಲಿಂಕು ಇವನ್ನು ಇಟ್ಟುಕೊಳ್ಳಿ. ಅಮೆರಿಕ ಸುತ್ತಾಡಿ ಊಟ ತಿಂಡಿ ತೋರಿಸುವ ವ್ಲಾಗ್ ಅನ್ನು ಸುದ್ದಿ ಅಂತ ಸಾಧಿಸುವುದು ಸುಲಭ ಅಲ್ಲ. ರಾಜ್ಯದ ವಾರ್ತಾ ಇಲಾಖೆಯ ಮಾನ್ಯತಾ ಕಾರ್ಡ್ ಇದ್ದರೆ ಜೊತೆಗಿರಲಿ. ಕಡ್ಡಾಯ ಏನಲ್ಲ, ಆದರೆ ಹೊರಗಿನವರೊಬ್ಬರು ನಿಮ್ಮನ್ನು ಪತ್ರಕರ್ತರು ಅಂತ ಒಪ್ಪಿದ್ದಾರೆ ಅನ್ನುವುದಕ್ಕೆ ಗುರುತಾಗುತ್ತದೆ.

ಫಾರಂ, ಶುಲ್ಕ, ಸಂದರ್ಶನ

ಆನ್‌ಲೈನಿನಲ್ಲಿ ತುಂಬಬೇಕಾದ ಫಾರಂ ಡಿಎಸ್-160. ಉದ್ದೇಶ ಕೇಳುವ ಕಡೆ ಪ್ರವಾಸಿ ಅಂತ ಅಲ್ಲ, ವಿದೇಶಿ ಮಾಧ್ಯಮ ಪ್ರತಿನಿಧಿ ಅನ್ನುವುದನ್ನೇ ಆರಿಸಿ. ಸುಮಾರು ಇಪ್ಪತ್ತು ನಿಮಿಷ ಏನೂ ಮುಟ್ಟದೆ ಬಿಟ್ಟರೆ ಪುಟ ಮುಚ್ಚಿಹೋಗುತ್ತದೆ, ಆದ್ದರಿಂದ ಶುರುವಿನಲ್ಲೇ ಬರುವ ಅಪ್ಲಿಕೇಷನ್ ಐಡಿ ಬರೆದಿಟ್ಟುಕೊಳ್ಳಿ, ಆಗಾಗ ಸೇವ್ ಮಾಡಿ. ಕಳೆದ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೆಲ್ಲ ಕೇಳುತ್ತದೆ. ಪತ್ರಕರ್ತರಿಗೆ ನಾಲ್ಕಾರು ಖಾತೆ ಇರುವುದು ಸಾಮಾನ್ಯ, ಬಿಟ್ಟುಬಿಡಬೇಡಿ, ನಿಮ್ಮ ಹೆಸರು ಹುಡುಕಿದರೆ ಎಲ್ಲ ಸಿಗುತ್ತದೆ. ಫೋಟೋ 2 ಇಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ತೆಗೆದಿರಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಆಯುಸ್ಸು ಇರಲಿ.

ಐ ವೀಸಾದ ಅರ್ಜಿ ಶುಲ್ಕ 2023ರ ಜೂನ್‌ನಿಂದ 185 ಡಾಲರ್. ಇದರ ಮೇಲೆ 250 ಡಾಲರಿನ ಇನ್ನೊಂದು ಶುಲ್ಕಕ್ಕೆ 2025ರ ಜುಲೈನಲ್ಲಿ ಅಲ್ಲಿ ಕಾನೂನಾಗಿದೆ, ಹಾಗಾಗಿ ಕಚೇರಿಯಲ್ಲಿ ಬಜೆಟ್ ಹಾಕುವ ಮೊದಲು ಆ ದಿನದ ಮೊತ್ತ ನೋಡಿಕೊಳ್ಳಿ.

ಇನ್ನು ಎಲ್ಲಿ ಹೋಗಬೇಕು? ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, ಆದರೆ ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ಕರ್ನಾಟಕದವರಿಗೆ ರೂಢಿಯ ದಾರಿ ಚೆನ್ನೈ, ಇಲ್ಲವೇ ಹೈದರಾಬಾದ್. ಎರಡು ಬಾರಿ ಹಾಜರಿ ಹಾಕಬೇಕು. ಒಮ್ಮೆ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೋಗೆ, ಇನ್ನೊಮ್ಮೆ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ. ಸಂದರ್ಶನದ ದಿನಾಂಕ ಸಿಗುವುದೇ ದೊಡ್ಡ ತಲೆನೋವು, ಹಾಗಾಗಿ ಅಸೈನ್‌ಮೆಂಟ್ ಗೊತ್ತಾದ ದಿನವೇ ಅರ್ಜಿ ಶುರು ಮಾಡಿ. ದುಬೈಗೋ ಬ್ಯಾಂಕಾಕಿಗೋ ಹೋಗಿ ಬೇಗ ಮಾಡಿಸಿಕೊಂಡು ಬರುವ ಹಳೆಯ ಉಪಾಯ ನೆಚ್ಚಿಕೊಳ್ಳಬೇಡಿ. 2025ರ ಸೆಪ್ಟೆಂಬರಿನಿಂದ ತಮ್ಮ ದೇಶದಲ್ಲೇ ಅಥವಾ ವಾಸ ಇರುವ ದೇಶದಲ್ಲೇ ಅರ್ಜಿ ಹಾಕಬೇಕು ಅಂತ ಬಿಗಿ ಮಾಡಿದ್ದಾರೆ.

ಸಂದರ್ಶನ ಎರಡು ಮೂರು ನಿಮಿಷದ್ದು. ಪ್ರಶ್ನೆ ಸೀದಾ ಇರುತ್ತವೆ. ಏನು ವರದಿ ಮಾಡುತ್ತೀರಿ? ಯಾರು ಕಳಿಸುತ್ತಿದ್ದಾರೆ? ಎಷ್ಟು ದಿನ? ಹಿಂದೆ ಏನು ಬರೆದಿದ್ದೀರಿ? ನಿಮ್ಮ ಪತ್ರಿಕೆಯ ಹೆಸರು ಆ ಅಧಿಕಾರಿಗೆ ಗೊತ್ತಿರಬೇಕಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕರ್ನಾಟಕದಲ್ಲಿ ಬರುವ ಕನ್ನಡ ದಿನಪತ್ರಿಕೆ, ಇಷ್ಟು ಹಳೆಯದು, ನಾನು ಅದರಲ್ಲಿ ಕೃಷಿ ವರದಿ ಮಾಡುತ್ತೇನೆ, ಈಗ ಅಯೋವಾ ರಾಜ್ಯದ ಮೆಕ್ಕೆಜೋಳದ ಬೆಳೆಗಾರರ ಬಗ್ಗೆ ಒಂದು ಸರಣಿಗೆ ಹೋಗುತ್ತಿದ್ದೇನೆ. ಹೀಗೆ ಹೇಳಿ. ಬೈಲೈನ್ ಇರುವ ಒಂದೆರಡು ಪುಟ ಕೈಯಲ್ಲಿರಲಿ, ಕನ್ನಡದಲ್ಲಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ಬರೆದಿಡಿ. ಕೆಲವೊಮ್ಮೆ 221(ಜಿ) ಅಂತ ಒಂದು ಚೀಟಿ ಕೊಡುತ್ತಾರೆ. ಇನ್ನಷ್ಟು ಕಾಗದ ಬೇಕು ಅಥವಾ ಇನ್ನೂ ಪರಿಶೀಲನೆ ಇದೆ ಅಂತ ಅದರ ಅರ್ಥ. ಗಾಬರಿ ಬೀಳಬೇಡಿ, ಆದರೆ ಅದು ಎಷ್ಟು ದಿನ ಹಿಡಿಯುತ್ತದೆ ಅಂತ ಯಾರೂ ಹೇಳಲ್ಲ. ವೀಸಾ ಕೈಗೆ ಬರುವವರೆಗೆ ವಾಪಸ್ ಮಾಡಲಾಗದ ಟಿಕೆಟ್ ತೆಗೆಯಬೇಡಿ ಅನ್ನುವುದು ಇದಕ್ಕೇ.

ಇನ್ನೊಂದು ತಪ್ಪು ತಿಳಿವಳಿಕೆ: ವೀಸಾ ಇದ್ದರೆ ಒಳಗೆ ಬಿಡುತ್ತಾರೆ ಅನ್ನುವುದು. ಐ ವೀಸಾ ದೇಶದೊಳಗೆ ಬರಲು ಮಾತ್ರ. ವಿಶ್ವಸಂಸ್ಥೆಯ ಕಟ್ಟಡದೊಳಗೆ ಹೋಗಲು ಅಲ್ಲಿನ ಮಾಧ್ಯಮ ಮಾನ್ಯತಾ ವಿಭಾಗದ ಪಾಸ್ ಬೇಕು, ವಿಶ್ವಕಪ್ಪಿಗೆ ಆ ಕ್ರೀಡಾ ಸಂಸ್ಥೆಯ ಮಾನ್ಯತೆ ಬೇಕು. ಇವು ಬೇರೆ ಬೇರೆ ಅರ್ಜಿಗಳು, ಕೊನೆಯ ದಿನಾಂಕವೂ ಬೇರೆ. ಮಾನ್ಯತೆ ಸಿಕ್ಕ ಇಮೇಲ್ ಬಂದಿದ್ದರೆ ಅದನ್ನೇ ವೀಸಾ ಸಂದರ್ಶನಕ್ಕೂ ಒಯ್ಯಿರಿ.

ಸಾಮಾನಿನ ಪಟ್ಟಿ

ಇದಕ್ಕೆ ಒಂದು ಸಂಜೆ ಕೂತು ಕೆಲಸ ಮಾಡಿ. ಒಂದೊಂದು ಸಾಮಾನಿಗೂ ಒಂದು ಸಾಲು: ಕ್ಯಾಮೆರಾ ಬಾಡಿ, ಒಂದು, ಕಂಪನಿ ಮತ್ತು ಮಾಡೆಲ್, ಸೀರಿಯಲ್ ನಂಬರ್, ತೂಕ, ಇವತ್ತಿನ ಬೆಲೆ, ತಯಾರಾದ ದೇಶ. ಲೆನ್ಸಿಗೂ ಸೀರಿಯಲ್ ನಂಬರ್ ಇರುತ್ತದೆ, ಮೌಂಟಿನ ಹತ್ತಿರ ಸಣ್ಣಗೆ ಕೆತ್ತಿರುತ್ತಾರೆ, ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿ. ಟ್ರೈಪಾಡ್, ಲೈಟು, ಮೈಕ್, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಎಲ್ಲ ಬರಲಿ. ನಿಮ್ಮ ಸ್ವಂತದ್ದು ಯಾವುದು, ಕಚೇರಿಯದು ಯಾವುದು, ಬಾಡಿಗೆಗೆ ತಂದದ್ದು ಯಾವುದು ಅಂತಲೂ ಗುರುತು ಹಾಕಿ. ನಾಲ್ಕು ಪ್ರತಿ ತೆಗೆದಿಡಿ.

ಈ ಪಟ್ಟಿ ಅಮೆರಿಕಕ್ಕಿಂತ ಹೆಚ್ಚಾಗಿ ವಾಪಸ್ ಬೆಂಗಳೂರಿಗೆ ಇಳಿದಾಗ ಬೇಕಾಗುತ್ತದೆ ಅನ್ನುವುದು ಬಹಳ ಜನಕ್ಕೆ ಹೊಳೆಯಲ್ಲ. ‘ಈ ಕ್ಯಾಮೆರಾ ಅಲ್ಲೇ ಕೊಂಡದ್ದಲ್ವಾ’ ಅಂತ ಕಸ್ಟಮ್ಸ್‌ನವರು ಕೇಳಿದರೆ, ಇಲ್ಲ ಸಾರ್ ಇದು ನಮ್ಮ ಕಚೇರಿಯದು ಅಂತ ಬಾಯಲ್ಲಿ ಹೇಳಿದರೆ ಸಾಲದು. ಅದಕ್ಕೆ ಹೋಗುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಯಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು. ಸಾಮಾನು ತೋರಿಸಿ, ಸೀರಿಯಲ್ ನಂಬರ್ ತಾಳೆ ನೋಡಿಸಿ, ಸಹಿ ಸೀಲು ಹಾಕಿಸಿಕೊಳ್ಳುವುದು. ಆ ಕಾಗದ ಇದ್ದರೆ ಬರುವಾಗ ಸುಂಕದ ಮಾತೇ ಇಲ್ಲ. ಇದನ್ನು ಬ್ಯಾಗು ಚೆಕ್-ಇನ್ ಮಾಡುವ ಮೊದಲೇ ಮಾಡಿಸಬೇಕು. ಬ್ಯಾಗು ಬೆಲ್ಟ್ ಮೇಲೆ ಹೋದ ಮೇಲೆ ಏನನ್ನು ತೋರಿಸುತ್ತೀರಿ? ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಮಾಮೂಲಿಗಿಂತ ಒಂದೆರಡು ಗಂಟೆ ಮುಂಚೆ ಹೋಗಿ. ವಿದೇಶಿ ವಿಮಾನಗಳು ಹೊರಡುವುದು ಜಾಸ್ತಿ ನಡುರಾತ್ರಿ ಕಳೆದ ಮೇಲೆ, ಆ ಹೊತ್ತಿಗೆ ಸರತಿ ಸಾಲೂ ಉದ್ದ.

ಕಾರ್ನೆ ಬೇಕಾ, ಬೇಡವಾ?

ಕಾರ್ನೆ ಅಂದರೆ ಸಾಮಾನನ್ನು ಸುಂಕ ಕಟ್ಟದೆ ಸ್ವಲ್ಪ ದಿನಕ್ಕೆ ಹೊರದೇಶಕ್ಕೆ ಒಯ್ದು ವಾಪಸ್ ತರಲು ಇರುವ ಕಸ್ಟಮ್ಸ್ ಪುಸ್ತಕ. ಒಂದು ಕ್ಯಾಮೆರಾ, ಎರಡು ಲೆನ್ಸ್, ಒಂದು ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹೋಗುವವರಿಗೆ ಸಾಮಾನ್ಯವಾಗಿ ಬೇಡ. ತನ್ನ ವೃತ್ತಿಯ ಸಾಮಾನು ತಂದು ಕೆಲಸ ಮುಗಿಸಿ ತಾನೇ ವಾಪಸ್ ಒಯ್ಯುವವರಿಗೆ ಅಮೆರಿಕದ ಕಸ್ಟಮ್ಸ್ ತೊಂದರೆ ಕೊಡುವುದು ಕಡಿಮೆ. ಕೇಳಿದರೆ ಹೇಳಿ, ಪಟ್ಟಿ ತೋರಿಸಿ.

ಆದರೆ ನಾಲ್ಕಾರು ಪೆಟ್ಟಿಗೆ ಸಾಮಾನಿನ ಜೊತೆ ಸಾಕ್ಷ್ಯಚಿತ್ರದ ತಂಡ ಹೊರಟಿದ್ದರೆ ಎಟಿಎ ಕಾರ್ನೆ ಮಾಡಿಸಿ. ಇದು ಸಾಮಾನಿಗೆ ಪಾಸ್‌ಪೋರ್ಟ್ ಇದ್ದ ಹಾಗೆ. ಭಾರತದಲ್ಲಿ ಇದನ್ನು ಕೊಡುವುದು ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿ. ಒಂದು ವರ್ಷ ನಡೆಯುತ್ತದೆ. ಸಾಮಾನು ವಾಪಸ್ ಬರದಿದ್ದರೆ ಸುಂಕ ಕಟ್ಟಲಿಕ್ಕೆ ಅಂತ ಮುಂಚೆಯೇ ಭದ್ರತೆ ಇಡಬೇಕಾಗುತ್ತದೆ, ಆದ್ದರಿಂದ ಅಕೌಂಟ್ಸ್ ವಿಭಾಗಕ್ಕೆ ಬೇಗ ಹೇಳಿ. ಕಾರ್ನೆಯ ಪುಟಗಳಿಗೆ ಬೇರೆ ಬೇರೆ ಬಣ್ಣ: ಹಳದಿ ನಮ್ಮ ದೇಶದಿಂದ ಹೊರಡುವಾಗ ಮತ್ತು ವಾಪಸ್ ಬರುವಾಗ, ಬಿಳಿ ಆ ದೇಶಕ್ಕೆ ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ, ನೀಲಿ ನಡುವೆ ಇನ್ನೊಂದು ದೇಶ ದಾಟಿ ಹೋಗುವಾಗ. ಅಂದರೆ ಒಂದು ಸರಳ ಪ್ರವಾಸಕ್ಕೆ ನಾಲ್ಕು ಕಡೆ ಸೀಲು: ಬೆಂಗಳೂರು ಬಿಡುವಾಗ, ಅಮೆರಿಕಕ್ಕೆ ಇಳಿದಾಗ, ಅಮೆರಿಕ ಬಿಡುವಾಗ, ಬೆಂಗಳೂರಿಗೆ ಇಳಿದಾಗ. ಜನ ಮರೆಯುವುದು ಮೂರನೆಯದನ್ನು. ಕೆಲಸ ಮುಗಿದಿರುತ್ತದೆ, ಸುಸ್ತಾಗಿರುತ್ತದೆ, ಅಮೆರಿಕ ಬಿಡುವಾಗ ಇಮಿಗ್ರೇಷನ್ ಕೌಂಟರೇ ಇರುವುದಿಲ್ಲ, ಸೀದಾ ವಿಮಾನ ಹತ್ತಿಬಿಡುತ್ತಾರೆ. ಆಮೇಲೆ ಸಾಮಾನು ಅಮೆರಿಕದಲ್ಲೇ ಉಳಿದಿದೆ ಅಂತ ಲೆಕ್ಕವಾಗಿ ಸುಂಕದ ನೋಟಿಸ್ ಬರುತ್ತದೆ. ಅಲ್ಲಿನ ಕಸ್ಟಮ್ಸ್ ಕಚೇರಿ ಆ ನಿಲ್ದಾಣದಲ್ಲಿ ಎಲ್ಲಿದೆ, ಎಷ್ಟು ಗಂಟೆಗೆ ತೆರೆದಿರುತ್ತದೆ ಅಂತ ಇಳಿದ ದಿನವೇ ಕೇಳಿಟ್ಟುಕೊಳ್ಳಿ.

ಕಾರ್ನೆ ಇಲ್ಲದೆಯೂ ದೊಡ್ಡ ಸಾಮಾನು ಒಯ್ಯಲು ಅಮೆರಿಕದಲ್ಲಿ ಬಾಂಡ್ ಇಟ್ಟು ತಾತ್ಕಾಲಿಕವಾಗಿ ತರುವ ಪದ್ಧತಿ ಇದೆ. ಸಾಮಾನ್ಯವಾಗಿ ಸುಂಕದ ಎರಡರಷ್ಟಕ್ಕೆ ಬಾಂಡ್, ಅದಕ್ಕೊಬ್ಬ ಕಸ್ಟಮ್ಸ್ ಏಜೆಂಟ್, ಅವನ ಫೀಸು. ಒಂದು ವಾರದ ಕೆಲಸಕ್ಕೆ ನನಗಂತೂ ಕಾರ್ನೆಯೇ ವಾಸಿ ಅನ್ನಿಸುತ್ತದೆ.

ಬ್ಯಾಟರಿ, ಮೈಕ್, ಡ್ರೋನ್

ಬಿಡಿ ಲಿಥಿಯಂ ಬ್ಯಾಟರಿ ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಹಾಕಲೇಬೇಡಿ. ಲೆಕ್ಕ ಇಷ್ಟೇ: ವೋಲ್ಟ್ ಅನ್ನು ಆ್ಯಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್. 14.8 ವೋಲ್ಟ್, 6.6 ಆ್ಯಂಪಿಯರ್-ಅವರ್ ಇರುವ ವಿ-ಮೌಂಟ್ ಬ್ಯಾಟರಿ ಸುಮಾರು 98 ಬರುತ್ತದೆ, ಅಂದರೆ 100ರ ಒಳಗೆ, ಒಯ್ಯಬಹುದು. 100ರಿಂದ 160ರವರೆಗೆ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಪಡೆದು ಎರಡು ಮಾತ್ರ. 160 ಮೀರಿದರೆ ಬೇಡವೇ ಬೇಡ. ಬ್ಯಾಟರಿಯ ಮೇಲಿನ ಅಂಕಿ ಉಜ್ಜಿಹೋಗಿದ್ದರೆ ಭದ್ರತಾ ಸಿಬ್ಬಂದಿ ಅದನ್ನು ತೆಗೆದಿಟ್ಟುಬಿಡಬಹುದು. ತುದಿಗಳಿಗೆ ಟೇಪ್ ಅಂಟಿಸಿ.

ವೈರ್‌ಲೆಸ್ ಮೈಕ್ ಬಗ್ಗೆ ಯಾರೂ ಹೇಳುವುದೇ ಇಲ್ಲ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಮೈಕ್ ಬಳಸುವುದನ್ನು 2010ರಲ್ಲೇ ನಿಲ್ಲಿಸಿದರು, 600ರ ಬ್ಯಾಂಡಿನ ಬಹುಭಾಗವನ್ನೂ 2020ರ ಜುಲೈನಲ್ಲಿ ಮೊಬೈಲ್ ಕಂಪನಿಗಳಿಗೆ ಬಿಟ್ಟುಕೊಟ್ಟರು. ಕಚೇರಿಯ ಬೀರುವಿನಲ್ಲಿರುವ ಹಳೆಯ ಯುಎಚ್ಎಫ್ ಸೆಟ್ ಎತ್ತಿಕೊಂಡು ಹೋಗುವ ಮೊದಲು ಅದರ ಹಿಂದೆ ಬರೆದಿರುವ ಫ್ರೀಕ್ವೆನ್ಸಿ ನೋಡಿ. ಈಗಿನ 2.4 ಗಿಗಾಹರ್ಟ್ಸ್ ಪುಟ್ಟ ಮೈಕುಗಳಿಗೆ ಈ ತೊಂದರೆ ಇಲ್ಲ. ಇನ್ನೊಂದು ಸಣ್ಣ ವಿಷಯ: ಅಲ್ಲಿ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮ ಅಭ್ಯಾಸದ ಹಾಗೆ ಶಟರ್ 1/50ರಲ್ಲೇ ಬಿಟ್ಟರೆ ಟ್ಯೂಬ್‌ಲೈಟಿನ ಕೆಳಗೆ ವಿಡಿಯೋ ಮಿಣುಕುತ್ತದೆ, 1/60ಕ್ಕೆ ಇಡಿ.

ಡ್ರೋನ್ ಬಿಟ್ಟು ಹೋಗಿ. ಸುದ್ದಿಗೆ ಡ್ರೋನ್ ಹಾರಿಸುವುದು ಅಲ್ಲಿ ಹವ್ಯಾಸ ಅಂತ ಲೆಕ್ಕಕ್ಕೆ ಬರಲ್ಲ. ಅದಕ್ಕೆ ಪಾರ್ಟ್ 107 ಅನ್ನುವ ಡ್ರೋನ್ ಪೈಲಟ್ ಪ್ರಮಾಣಪತ್ರ, ನೋಂದಣಿ, ರಿಮೋಟ್ ಐಡಿ (ಹಾರುವಾಗ ಡ್ರೋನ್ ತನ್ನ ಗುರುತು ಹೇಳುವ ವ್ಯವಸ್ಥೆ) ಎಲ್ಲ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ನಿಷೇಧವೇ ಇದೆ. ಮೇಲಿನಿಂದ ದೃಶ್ಯ ಬೇಕೇ ಬೇಕು ಅಂದರೆ ಅಲ್ಲಿಯ ಲೈಸೆನ್ಸ್ ಇರುವ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ.

ತಿಂಡಿ, ದುಡ್ಡು

ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಚೆಕ್-ಇನ್ ಬ್ಯಾಗಿನಲ್ಲಿರಲಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಬ್ಯಾಗಿನ ಪುಡಿ 350 ಮಿಲಿಲೀಟರ್ ಮೀರಿದರೆ ಹೆಚ್ಚುವರಿ ತಪಾಸಣೆ ಆಗಬಹುದು. ಹಸಿ ಕರಿಬೇವು ಪೂರ್ತಿ ನಿಷೇಧ, ಕಿತ್ತಳೆ ನಿಂಬೆ ಗಿಡಗಳಿಗೆ ಅದರಿಂದ ರೋಗ ಹಬ್ಬುತ್ತದೆ ಅಂತ. ಮಾವಿನಹಣ್ಣು, ಬಿತ್ತನೆ ಬೀಜ, ಮಾಂಸ ಇವೂ ಬೇಡ. ತಿನ್ನುವ ವಸ್ತು ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಹೇಳಿ. ಹೇಳಿದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ. ಒಂದು ಹಿಡಿ ಕರಿಬೇವಿಗೆ ಇಡೀ ಅಸೈನ್‌ಮೆಂಟ್ ಪಣಕ್ಕಿಡಬೇಡಿ.

ನಗದು 10,000 ಡಾಲರ್ ಮೀರಿದರೆ ಅಮೆರಿಕದಲ್ಲಿ ಘೋಷಿಸಬೇಕು. ಅದು ಮಿತಿ ಅಲ್ಲ, ಎಷ್ಟಾದರೂ ಒಯ್ಯಬಹುದು, ಹೇಳಬೇಕು ಅಷ್ಟೇ. ನಮ್ಮ ಕಡೆಯ ನಿಯಮ ಅದಕ್ಕಿಂತ ಬಿಗಿ: ಒಂದು ಪ್ರವಾಸಕ್ಕೆ ವಿದೇಶಿ ನೋಟು 3,000 ಡಾಲರಿನಷ್ಟು ಮಾತ್ರ, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ. ಭಾರತದ ನೋಟು 25,000 ರೂಪಾಯಿಯವರೆಗೆ.

ಇಳಿದ ಮೇಲೆ

ಅಬುಧಾಬಿ ಮೂಲಕ ಹೋಗುವ ವಿಮಾನವಾದರೆ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯಬಹುದು. ಅಲ್ಲಿ ಅಮೆರಿಕದ ಅಧಿಕಾರಿಗಳೇ ಕೂತಿರುತ್ತಾರೆ, ಡಬ್ಲಿನ್‌ನಲ್ಲೂ ಹಾಗೇ. ಕಾಗದವೆಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ ಕೂತರೆ ನಡುದಾರಿಯಲ್ಲೇ ಪೇಚಿಗೆ ಸಿಕ್ಕುತ್ತೀರಿ. ಪತ್ರ, ಒಪ್ಪಂದ, ಮಾನ್ಯತೆ, ಸಾಮಾನಿನ ಪಟ್ಟಿ, ವಾಪಸ್ ಟಿಕೆಟ್ ಎಲ್ಲ ಕೈಬ್ಯಾಗಿನ ಒಂದೇ ಫೋಲ್ಡರಿನಲ್ಲಿರಲಿ. ಕಾರ್ನೆ ಇರುವವರು ಈ ದಾರಿಯಲ್ಲಿ ಸೀಲು ಎಲ್ಲಿ ಹಾಕುತ್ತಾರೆ ಅಂತ ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ.

ಪಾಸ್‌ಪೋರ್ಟಿನಲ್ಲಿ ಹಳೆಯ ಬಿ1/ಬಿ2 ಮತ್ತು ಹೊಸ ಐ ಎರಡೂ ಇದ್ದರೆ ಅಧಿಕಾರಿಗೆ ಐ ವೀಸಾ ಪುಟವನ್ನೇ ತೆರೆದು ಕೊಡಿ. ‘ಯಾಕೆ ಬಂದಿರಿ’ ಅಂದರೆ ‘ಪತ್ರಕರ್ತ, ಇಂಥ ಘಟನೆಯ ವರದಿಗೆ, ಇಷ್ಟು ದಿನ’ ಅಷ್ಟೇ. ‘ಸುಮ್ನೆ ಸುತ್ತಾಡಲು’ ಅನ್ನುವುದು ಬಾಯಿ ತಪ್ಪಿಯೂ ಬರಬಾರದು. ಪ್ರವಾಸಿ ಅಂತ ಒಳಗೆ ಬಿಟ್ಟರೆ ಐ ವೀಸಾ ಇದ್ದೂ ಉಪಯೋಗ ಇಲ್ಲ.

ಮೊಬೈಲ್, ಲ್ಯಾಪ್‌ಟಾಪ್ ತೆರೆದು ನೋಡುವ ಅಧಿಕಾರ ಗಡಿಯ ಅಧಿಕಾರಿಗಳಿಗೆ ಇದೆ, ಅದಕ್ಕೆ ವಾರಂಟ್ ಕೇಳುವುದಿಲ್ಲ. ಸಾಧನದಲ್ಲಿ ಇರುವುದನ್ನು ನೋಡಬಹುದು, ಇಂಟರ್‌ನೆಟ್ಟಿನಲ್ಲಿ ಮಾತ್ರ ಇರುವುದನ್ನು ನೋಡುವಂತಿಲ್ಲ ಅಂತ ಅವರದೇ 2018ರ ನಿರ್ದೇಶನ ಹೇಳುತ್ತದೆ. ಪಾಸ್‌ವರ್ಡ್ ಕೊಡಲ್ಲ ಅಂದರೆ ಸಾಧನ ಇಟ್ಟುಕೊಳ್ಳಬಹುದು, ವಿದೇಶಿಯರನ್ನು ವಾಪಸ್ ಕಳಿಸಲೂಬಹುದು. ಹಾಗಾಗಿ ಪಾಸ್‌ವರ್ಡ್ ಕೊಡಬೇಕಾ ಬೇಡವಾ ಅನ್ನುವ ವಾದಕ್ಕಿಂತ, ಊರಿನ ಸೂಕ್ಷ್ಮ ವರದಿಗಳ ಟಿಪ್ಪಣಿ, ಮೂಲದವರ ನಂಬರು, ಹಳೆಯ ರಹಸ್ಯ ರೆಕಾರ್ಡಿಂಗ್ ಇವನ್ನು ಹೊತ್ತುಕೊಂಡು ಹೋಗದಿರುವುದೇ ಜಾಣತನ. ನಂಬಿ ಮಾತಾಡಿದವರ ಹೆಸರು ಇನ್ನೊಂದು ದೇಶದ ಕೌಂಟರಿನಲ್ಲಿ ಬಯಲಾಗಬಾರದು.

ಹೊರಗೆ ಬಂದ ಮೇಲೆ ಐ-94 ಅನ್ನುವ ನಿಮ್ಮ ಪ್ರವೇಶದ ದಾಖಲೆಯನ್ನು ಆನ್‌ಲೈನಿನಲ್ಲಿ ತೆಗೆದು ನೋಡಿ. ವರ್ಗ ‘ಐ’ ಅಂತಲೇ ಬಿದ್ದಿದೆಯಾ, ಹೆಸರು ಸರಿ ಇದೆಯಾ, ಎಲ್ಲಿಯವರೆಗೆ ಇರಬಹುದು ಅಂತ ಇದೆ. ವೀಸಾ ಮೇಲಿನ ತಾರೀಖು ಒಳಗೆ ಬರುವುದಕ್ಕೆ, ಉಳಿಯುವುದಕ್ಕೆ ಐ-94 ಲೆಕ್ಕ. ಪತ್ರಕರ್ತರಿಗೆ ಬಹುಕಾಲ ಇಲ್ಲಿ ತಾರೀಖಿನ ಬದಲು ‘ಡಿ/ಎಸ್’ ಅಂತ ಹಾಕುತ್ತಿದ್ದರು, ಅಂದರೆ ಆ ಕೆಲಸ ಇರುವವರೆಗೆ. ಇದನ್ನು ತೆಗೆದು 240 ದಿನದ ಮಿತಿ ಹಾಕುವ ಪ್ರಸ್ತಾವ 2025ರ ಆಗಸ್ಟಿನಲ್ಲಿ ಬಂತು. ಚಿಕ್ಕ ಅಸೈನ್‌ಮೆಂಟಿನವರಿಗೆ ಎರಡರಲ್ಲಿ ಯಾವುದಾದರೂ ಸಾಕು, ಆದರೆ ತಪ್ಪು ವರ್ಗ ಬಿದ್ದಿದ್ದರೆ ಅವತ್ತೇ ಸರಿ ಮಾಡಿಸಲು ನೋಡಿ.

ಕೆಲಸದ ವಿಷಯದಲ್ಲಿ ಒಂದೇ ನಿಯಮ: ಯಾರ ಪರವಾಗಿ ಬಂದಿದ್ದೀರೋ ಅವರಿಗೆ ಮಾತ್ರ. ಅಲ್ಲಿಯ ಟಿವಿಯವರು ‘ನಮಗೂ ಒಂದು ಸ್ಟೋರಿ ಮಾಡಿಕೊಡಿ, ದುಡ್ಡು ಕೊಡುತ್ತೇವೆ’ ಅಂದರೆ ನಗುತ್ತಾ ಬೇಡ ಅನ್ನಿ. ರಸ್ತೆಯಲ್ಲಿ ಕೈಯಲ್ಲಿ ಕ್ಯಾಮೆರಾ ಹಿಡಿದು ತೆಗೆಯುವುದಕ್ಕೆ ನ್ಯೂಯಾರ್ಕಿನಲ್ಲಿ ಅನುಮತಿ ಬೇಕಾಗುವುದಿಲ್ಲ, ದಾರಿಗೆ ಅಡ್ಡ ಆಗಬಾರದು ಅಷ್ಟೇ. ರಾಷ್ಟ್ರೀಯ ಉದ್ಯಾನಗಳಲ್ಲಿ ಐದು ಜನರವರೆಗಿನ ಚಿಕ್ಕ ತಂಡಕ್ಕೆ 2025ರ ಜನವರಿಯ ಕಾನೂನಿನ ನಂತರ ಬಹಳಷ್ಟು ಕಡೆ ಅನುಮತಿ, ಶುಲ್ಕ ಎರಡೂ ಇಲ್ಲ.

ನಯಾಗರಾ ನೋಡಲು ಹೋದವರು ‘ಆ ಕಡೆಯಿಂದ ಚೆನ್ನಾಗಿ ಕಾಣುತ್ತಂತೆ’ ಅಂತ ಸೇತುವೆ ದಾಟಲು ಹೊರಡುತ್ತಾರೆ. ಕೆನಡಾಕ್ಕೆ ಭಾರತದವರಿಗೆ ಬೇರೆ ವೀಸಾ ಬೇಕು. ಸುದ್ದಿ ವರದಿಗೆ ಕೆನಡಾದಲ್ಲಿ ವರ್ಕ್ ಪರ್ಮಿಟ್ ಬೇಕಿಲ್ಲ, ಆದರೆ ಒಳಗೆ ಬರುವ ವೀಸಾ ಬೇಕೇ ಬೇಕು. 2026ರ ಫುಟ್‌ಬಾಲ್ ವಿಶ್ವಕಪ್ಪಿನ ಹಾಗೆ ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಕಡೆ ಪಂದ್ಯ ಇರುವ ಕೆಲಸಗಳಲ್ಲಿ ಇದನ್ನು ಮೊದಲೇ ಲೆಕ್ಕ ಹಾಕಿ.

ವಾಪಸ್ ಬರುವಾಗ

ನ್ಯೂಯಾರ್ಕಿಗೆ ಹೋದ ಕ್ಯಾಮೆರಾದವರು ಬಿ ಆ್ಯಂಡ್ ಎಚ್ ಅಂಗಡಿಗೆ ಹೋಗದೆ ಬರುವುದಿಲ್ಲ. ಶನಿವಾರ ಪೂರ್ತಿ ಮುಚ್ಚಿರುತ್ತದೆ, ಶುಕ್ರವಾರ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ, ಹಾಗಾಗಿ ಕೊನೆಯ ದಿನಕ್ಕೆ ಇಟ್ಟುಕೊಂಡು ನಿರಾಸೆ ಪಡಬೇಡಿ. ಅಲ್ಲಿ ಕೊಂಡ ಲೆನ್ಸಿನ ಬಿಲ್ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಸುಂಕ ಇಲ್ಲದ ಮಿತಿ ಮೀರುವುದಾದರೆ ರೆಡ್ ಚಾನೆಲ್ಲಿಗೇ ಹೋಗಿ ತೋರಿಸಿ ಕಟ್ಟಿ. ಒಯ್ದ ಸಾಮಾನಿನ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬೇರೆ, ಹೊಸದಾಗಿ ಕೊಂಡದ್ದು ಬೇರೆ, ಎರಡನ್ನೂ ಒಂದೇ ಚೀಲದಲ್ಲಿ ಬೆರೆಸಿ ತರಬೇಡಿ.

ಕಾರ್ನೆ ಮಾಡಿಸಿದ್ದವರು ಬೆಂಗಳೂರಿನಲ್ಲಿ ಇಳಿದ ಕೂಡಲೇ ಕೊನೆಯ ಹಳದಿ ಪುಟಕ್ಕೆ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ, ಆಮೇಲೆ ಇಡೀ ಪುಸ್ತಕವನ್ನು ಫಿಕ್ಕಿಗೆ ವಾಪಸ್ ಕಳಿಸಿ. ಅದು ಅವರ ಕೈ ಸೇರಿ, ನಾಲ್ಕೂ ಸೀಲು ಸರಿ ಇವೆ ಅಂತ ನೋಡಿದ ಮೇಲೆಯೇ ನೀವು ಇಟ್ಟ ಭದ್ರತೆ ಬಿಡುಗಡೆ ಆಗುವುದು.